ಮಾತ್ರೆ ಮನೆಗೆ ಬಂತು, ಸಿಸ್ಟರ್ ಎಲ್ಲಿ?

ಕ್ಯಾನ್ಸರಿಗೆ ಈಗ ಎಷ್ಟೋ ಸಲ ಸೂಜಿಯ ಬದಲು ಮಾತ್ರೆ ಕೊಟ್ಟು ಮನೆಗೆ ಕಳಿಸುತ್ತಾರೆ. ಒಳ್ಳೆಯದೇ. ಆದರೆ ಆಸ್ಪತ್ರೆಯಲ್ಲಿ ನರ್ಸ್ ನೋಡಿಕೊಳ್ಳುತ್ತಿದ್ದ ಕೆಲಸವೆಲ್ಲ ಆಗ ಯಾರ ಹೆಗಲಿಗೆ ಬೀಳುತ್ತದೆ? ಮನೆಯ ಹೆಂಗಸಿನ ಹೆಗಲಿಗೆ!

ನಮ್ಮ ಅತ್ತೆಯ ಕಿಮೊಥೆರಪಿ ಶುರುವಾದದ್ದು ಕುಮಟಾದ ನಮ್ಮ ಅಡುಗೆಮನೆಯ ಕಪಾಟಿನಿಂದ. ಬಿ.ಪಿ. ಮಾತ್ರೆ, ಶುಗರ್ ಮಾತ್ರೆ ಇಡುವ ಸ್ಟೀಲ್ ಡಬ್ಬಿಯಲ್ಲೇ ಕ್ಯಾನ್ಸರ್ ಮಾತ್ರೆಯ ಪಟ್ಟಿಗಳನ್ನೂ ಇಟ್ಟೆ. ದೊಡ್ಡ ಕರುಳಿನ ಆಪರೇಷನ್ ಆಗಿತ್ತು. ‘ಇನ್ನು ಸೂಜಿ ಬೇಡ, ಅಡ್ಮಿಟ್ ಆಗೋದೂ ಬೇಡ. ಬೆಳಿಗ್ಗೆ 3, ರಾತ್ರಿ 3 ಮಾತ್ರೆ. 14 ದಿನ ತಗೊಳ್ಳಿ, 7 ದಿನ ಬಿಡಿ’ ಅಂದಿದ್ದರು ದೂರದ ಊರಿನ ದೊಡ್ಡಾಸ್ಪತ್ರೆಯಲ್ಲಿ. ನಮಗೆಲ್ಲ ಎಷ್ಟು ಸಮಾಧಾನ ಅಂತೀರಿ! ಮಾತ್ರೆ ತಾನೇ, ಸೂಜಿಯಷ್ಟು ಜೋರಿರಲಿಕ್ಕಿಲ್ಲ ಅಂದುಕೊಂಡೆವು.

ನಾನು ಕ್ಯಾಲೆಂಡರಿನಲ್ಲಿ ಪ್ರತಿದಿನ ಗುರುತು ಹಾಕುತ್ತಾ ಬಂದೆ. ಒಂಬತ್ತನೇ ದಿನದಿಂದ ಅತ್ತೆಗೆ ಭೇದಿ. ದಿನಕ್ಕೆ ಐದಾರು ಸಲ. ಅವರು ಬಾಯಿ ಬಿಡಲಿಲ್ಲ. ‘ಹೇಗಿದ್ದೀರಿ ಅತ್ತೆ?’ ಅಂದರೆ ‘ಅಡ್ಡಿಲ್ಲೆ ತಂಗಿ’ ಅನ್ನುತ್ತಿದ್ದರು. ಹೇಳಿದರೆ ಮತ್ತೆ ಬಾಡಿಗೆ ಕಾರು ಮಾಡಬೇಕು, ಮಗ ರಜೆ ಹಾಕಬೇಕು ಅನ್ನೋ ಸಂಕೋಚ. ಹನ್ನೆರಡನೇ ದಿನ ಬೆಳಗಿನ ಜಾವ ಬಚ್ಚಲಲ್ಲಿ ತಲೆ ತಿರುಗಿ ಕುಸಿದರು. ಮೂರು ದಿನ ಸಲೈನ್ ಹಾಕಿಸಬೇಕಾಯಿತು. ಹಾಸಿಗೆಯಲ್ಲಿ ಮಲಗಿಕೊಂಡೇ ಅವರು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ: ‘ಒಂದು ಮಾತ್ರೆಯನ್ನೂ ತಪ್ಪಿಸಲಿಲ್ಲೆ, ತಂಗಿ.’

ತಪ್ಪಿಸಬೇಕಿತ್ತು! ಭೇದಿ ಜಾಸ್ತಿಯಾದ ದಿನವೇ ಮಾತ್ರೆ ನಿಲ್ಲಿಸಿ ಫೋನ್ ಮಾಡಬೇಕಿತ್ತು. ಅದನ್ನು ಯಾರೂ ನಮಗೆ ಬಿಡಿಸಿ ಹೇಳಿರಲಿಲ್ಲ. ಹೇಳಿದ್ದರೂ ಆ ದಿನದ ಗಡಿಬಿಡಿಯಲ್ಲಿ ತಲೆಗೆ ಹೋಗಿರಲಿಲ್ಲವೋ ಏನೋ. ಮುಂದಿನ ಭೇಟಿಯಲ್ಲಿ ಒಬ್ಬ ಸಿಸ್ಟರ್ ನಮ್ಮನ್ನು ಪಕ್ಕದ ಕೋಣೆಯಲ್ಲಿ ಕೂರಿಸಿಕೊಂಡು ಅರ್ಧ ಗಂಟೆ ಮಾತಾಡಿದರು. ಆ ಅರ್ಧ ಗಂಟೆ ಮೊದಲೇ ಸಿಕ್ಕಿದ್ದರೆ ಅತ್ತೆ ಬೀಳುತ್ತಿರಲಿಲ್ಲ. ಅದಕ್ಕೇ ಈ ಬರಹ.

ಸೂಜಿಗೆ ಕಾವಲಿದೆ, ಮಾತ್ರೆಗೆ?

ಆಸ್ಪತ್ರೆಯಲ್ಲಿ ಕಿಮೊ ಸೂಜಿ ಹಾಕುವಾಗ ನೋಡಿದ್ದೀರಾ? ರೋಗಿಯ ಹೆಸರು ಕೇಳುತ್ತಾರೆ, ರಕ್ತದ ರಿಪೋರ್ಟ್ ನೋಡುತ್ತಾರೆ. ಔಷಧಿ ಯಾವುದು, ಪ್ರಮಾಣ ಎಷ್ಟು ಅಂತ ಒಬ್ಬರು ಓದಿದ್ದನ್ನು ಇನ್ನೊಬ್ಬರು ಸರಿನೋಡುತ್ತಾರೆ. ಮುಖ ಸಪ್ಪಗಾದರೂ ಸಿಸ್ಟರ್ ಕಣ್ಣಿಗೆ ಬೀಳುತ್ತದೆ. ಅದೇ ಔಷಧಿ ಮಾತ್ರೆಯಾಗಿ ಮನೆಗೆ ಬಂದಾಗ ಈ ಕಾವಲು ಯಾವುದೂ ಇರೋದಿಲ್ಲ. ಔಷಧಿಯ ಜೋರು ಮಾತ್ರ ಅಷ್ಟೇ ಇರುತ್ತದೆ.

ಕ್ಯಾನ್ಸರಿಗೆ ಮಾತ್ರೆ ಅನ್ನೋದು ಹೊಸದೇನೂ ಅಲ್ಲ. ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುವ ಮರ್ಕ್ಯಾಪ್ಟೊಪ್ಯೂರಿನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1953ರಲ್ಲೇ. ಕರುಳು ಮತ್ತು ಸ್ತನದ ಕ್ಯಾನ್ಸರಿಗೆ ಕೊಡುವ ಕ್ಯಾಪೆಸಿಟಬಿನ್ 1998ರಲ್ಲಿ ಬಂತು, ಒಂದು ಬಗೆಯ ರಕ್ತದ ಕ್ಯಾನ್ಸರಿನ ಚಿಕಿತ್ಸೆಯನ್ನೇ ಬದಲಿಸಿದ ಇಮ್ಯಾಟಿನಿಬ್ 2001ರಲ್ಲಿ. ನಮ್ಮಲ್ಲಿ ಕವಳದ ಚಟದಿಂದ ಬಾಯಿಯ ಕ್ಯಾನ್ಸರ್ ಆದವರನ್ನು ಯಾರು ನೋಡಿಲ್ಲ ಹೇಳಿ? ಬಾಯಿ, ಗಂಟಲಿನ ಕ್ಯಾನ್ಸರ್ ತೀರಾ ಮುಂದುವರಿದವರಿಗೆ ಕಡಿಮೆ ಖರ್ಚಿನ ಮಾತ್ರೆಗಳು ಸೂಜಿಗಿಂತ ಮೇಲು ಅನ್ನೋದನ್ನು ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು. ಹಾಗಾಗಿ ಇನ್ನು ಮುಂದೆ ಇಂಥ ಮಾತ್ರೆಗಳು ಇನ್ನೂ ಹೆಚ್ಚು ಮನೆಗಳಿಗೆ ಬರುತ್ತವೆ. ನಾವು ತಯಾರಿರಬೇಕು.

ನಮ್ಮ ಕಡೆಯ ಕಷ್ಟ

ಭಟ್ಕಳದಿಂದ ಮಣಿಪಾಲಕ್ಕೆ ಸುಮಾರು 90 ಕಿಲೋಮೀಟರ್, ಹೊನ್ನಾವರದಿಂದ 130, ಕುಮಟಾದಿಂದ 150. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋಗೋಣ ಅಂದರೆ ಘಟ್ಟ ಹತ್ತಬೇಕು. ಬೆಂಗಳೂರಿನ ಕಿದ್ವಾಯಿಗೆ ರಾತ್ರಿಯಿಡೀ ಪ್ರಯಾಣ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಪಲ್ಟಿಯಾಗಿ 4 ಜನ ಸತ್ತಿದ್ದನ್ನು ಮರೆಯುವುದು ಹೇಗೆ? ಜಿಲ್ಲೆಗೊಂದು ದೊಡ್ಡಾಸ್ಪತ್ರೆ ಬೇಕು ಅನ್ನೋ ಕೂಗು ಆಗ ಮತ್ತೆ ಜೋರಾಗಿ ಎದ್ದಿತ್ತು.

ಇಷ್ಟು ದೂರ ಇರುವ ನಮಗೆ ಮಾತ್ರೆ ನಿಜಕ್ಕೂ ವರವೇ. ಆದರೆ ಇಷ್ಟು ದೂರ ಇರುವುದರಿಂದಲೇ ಫೋನಿನಲ್ಲಿ ಸಿಗುವ ಒಬ್ಬ ಸಿಸ್ಟರ್ ನಮಗೆ ಎಲ್ಲರಿಗಿಂತ ಹೆಚ್ಚು ಬೇಕು.

ಒಳ್ಳೆಯ ಸಿಸ್ಟರ್ ಏನು ಮಾಡುತ್ತಾರೆ?

ನಮಗೆ ಸಿಕ್ಕ ಸಿಸ್ಟರ್ ಮೊದಲು ಏನನ್ನೂ ಹೇಳಲೇ ಇಲ್ಲ, ಬರೀ ಕೇಳಿದರು. ‘ಅಮ್ಮಾ, ಈ ಮಾತ್ರೆ ಯಾಕೆ ಅಂತ ನಿಮಗೆ ಗೊತ್ತಾ? ಮನೆಯಲ್ಲಿ ಯಾರು ತೆಗೆದುಕೊಡ್ತಾರೆ? ನುಂಗೋದಕ್ಕೆ ಕಷ್ಟ ಆಗುತ್ತಾ? ಬೇರೆ ಏನೇನು ಔಷಧಿ ಇದೆ?’ ಕ್ಯಾನ್ಸರ್ ಮಾತ್ರೆ ತಗೊಳ್ಳುವವರಿಗೆ ಹೇಳಿಕೊಡುವಾಗ ನರ್ಸ್‌ಗಳು ಹೀಗೆ ಕೇಳುವುದರಿಂದಲೇ ಶುರು ಮಾಡಬೇಕಂತೆ.

ಆಮೇಲೆ ಮಾತ್ರೆಯ ಹೊತ್ತನ್ನು ನಮ್ಮ ಮನೆಯ ಹೊತ್ತಿಗೆ ಕೂಡಿಸಿದರು. ಕ್ಯಾಪೆಸಿಟಬಿನ್ ಅನ್ನು ಊಟ-ತಿಂಡಿಯಾದ ಅರ್ಧ ಗಂಟೆಯೊಳಗೆ ನೀರಿನ ಜತೆ ನುಂಗಬೇಕು, ಎರಡು ಹೊತ್ತಿನ ನಡುವೆ ಸುಮಾರು 12 ಗಂಟೆ ಅಂತರ ಇರಬೇಕು. ‘ಬೆಳಿಗ್ಗೆ 8ಕ್ಕೆ ದೋಸೆ ತಿಂದ ಮೇಲೆ, ರಾತ್ರಿ 8ಕ್ಕೆ ಗಂಜಿ ಉಂಡ ಮೇಲೆ’ ಅಂತ ಬರೆದುಕೊಟ್ಟರು. ಇದೇ ನಿಯಮ ಎಲ್ಲ ಮಾತ್ರೆಗೂ ಅಲ್ಲ, ನೆನಪಿಡಿ. ಇಮ್ಯಾಟಿನಿಬ್ ಊಟದ ಜತೆ ದೊಡ್ಡ ಲೋಟ ನೀರಿನಲ್ಲಿ. ಮಿದುಳಿನ ಗೆಡ್ಡೆಗೆ ಕೊಡುವ ಟೆಮೊಜೊಲೊಮೈಡ್ ಸಾಮಾನ್ಯವಾಗಿ ಖಾಲಿ ಹೊಟ್ಟೆಗೆ. ಮೆಥೊಟ್ರೆಕ್ಸೇಟ್ ಎಷ್ಟೋ ಜನರಿಗೆ ವಾರಕ್ಕೆ ಒಂದೇ ದಿನ. ಅದನ್ನು ತಪ್ಪಿ ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಪಕ್ಕದ ಮನೆಯವರ ಮಾತ್ರೆಯ ಲೆಕ್ಕ ನಿಮ್ಮ ಮನೆಗೆ ಬೇಡವೇ ಬೇಡ.

ಕೊನೆಗೆ ಸಿಸ್ಟರ್ ಇನ್ನೊಂದು ಕೆಲಸ ಮಾಡಿದರು. ‘ಈಗ ನೀವು ನನಗೆ ಹೇಳಿ’ ಅಂತ ಅತ್ತೆಯನ್ನೇ ಕೇಳಿದರು! ಅತ್ತೆ ತಡವರಿಸಿದಲ್ಲಿ ಇನ್ನೊಮ್ಮೆ ಹೇಳಿಕೊಟ್ಟರು. ಹೊನ್ನಾವರದ ಕಡೆ ಮನೆಮಾತು ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಮಾತ್ರೆಯ ಪಟ್ಟಿಯ ಮೇಲೆ ಇರುವುದು ಇಂಗ್ಲಿಷ್. ಅರ್ಥವಾಗದಿದ್ದರೂ ‘ಹೂಂ’ ಅಂದು ಎದ್ದು ಬರುವುದು ನಮ್ಮೆಲ್ಲರ ಅಭ್ಯಾಸ ತಾನೇ? ಸಿಸ್ಟರ್ ಕೇಳದಿದ್ದರೆ ನೀವೇ ಹೇಳಿ: ‘ನನಗೆ ಅರ್ಥ ಆದದ್ದು ಇಷ್ಟು, ಸರಿಯಾ ನೋಡಿ.’ ಇದರಲ್ಲಿ ನಾಚಿಕೆ ಏನೂ ಇಲ್ಲ.

ನಿಲ್ಲಿಸಿ ಫೋನ್ ಮಾಡುವುದು ಯಾವಾಗ?

ಔಷಧಿ ತಪ್ಪಿಸಬಾರದು ಅಂತ ನಮಗೆ ಚಿಕ್ಕಂದಿನಿಂದ ಕಲಿಸಿದ್ದಾರೆ. ಇಲ್ಲಿ ಅದರ ಜತೆ ಇನ್ನೊಂದು ಪಾಠವನ್ನೂ ಕಲಿಯಬೇಕು. ಕೆಳಗಿನ ಯಾವುದೇ ಒಂದು ಕಂಡರೂ ಮುಂದಿನ ಹೊತ್ತಿನ ಮಾತ್ರೆ ಕೊಡುವ ಮೊದಲೇ ಆಸ್ಪತ್ರೆಗೆ ಫೋನ್ ಮಾಡಿ.

* ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು, ಇಲ್ಲವೇ ಚಳಿ-ನಡುಕ. ಮಳೆಗಾಲದ ಜ್ವರ ಅಂತ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನವರೆಗೆ ಕಾಯಬೇಡಿ. ಬಿಳಿ ರಕ್ತಕಣ ಇಳಿದಿದ್ದರೆ ಸಣ್ಣ ಸೋಂಕೂ ಗಂಟೆಗಳಲ್ಲಿ ದೊಡ್ಡದಾಗುತ್ತದೆ. ಮನೆಯಲ್ಲಿ ಥರ್ಮಾಮೀಟರ್ ಇರಲೇಬೇಕು.

* ಭೇದಿ ಎಂದಿಗಿಂತ ನಾಲ್ಕು ಸಲ ಹೆಚ್ಚಾದರೆ, ಅಥವಾ ರಾತ್ರಿ ನಿದ್ದೆಯಿಂದ ಏಳಿಸುವ ಭೇದಿಯಿದ್ದರೆ. ಓ.ಆರ್.ಎಸ್., ಉಪ್ಪು ಹಾಕಿದ ಗಂಜಿ ತಿಳಿ ಕೊಡುತ್ತಿರಿ. ಭೇದಿ ನಿಲ್ಲುವ ಮಾತ್ರೆಯನ್ನು ಮೊದಲೇ ಬರೆಸಿಟ್ಟುಕೊಳ್ಳಬಹುದೇ ಎಂದು ಕೇಳಿ.

* ವಾಂತಿಯಿಂದ ನೀರೂ ನಿಲ್ಲದಿದ್ದರೆ. ಬಾಯಿಹುಣ್ಣಿನಿಂದ ಉಣ್ಣಲಾಗದಿದ್ದರೆ.

* ಅಂಗೈ, ಅಂಗಾಲು ಕೆಂಪಾಗಿ ಉರಿದು, ಬೊಬ್ಬೆಯೆದ್ದು ನಡೆಯಲು ಕಷ್ಟವಾದರೆ.

* ಎದೆನೋವು, ಉಸಿರು ಕಟ್ಟುವುದು, ಎಲ್ಲಿಂದಾದರೂ ರಕ್ತ ಬರುವುದು. ಇದಕ್ಕೆ ಫೋನಿನಲ್ಲೇ ಕೂರಬೇಡಿ, 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆಗೆ ಹೊರಡಿ.

ಕೆಲವರ ದೇಹದಲ್ಲಿ ಕ್ಯಾಪೆಸಿಟಬಿನ್ ಅನ್ನು ಅರಗಿಸುವ ಕಿಣ್ವವೇ ಕಡಿಮೆ ಇರುತ್ತದೆ. ಅಂಥವರಿಗೆ ಮೊದಲ ಕೆಲವೇ ದಿನಗಳಲ್ಲಿ ತೊಂದರೆ ಜೋರಾಗಬಹುದು. ಆದ್ದರಿಂದ ಮೊದಲ ಸುತ್ತಿನಲ್ಲಿ ದಿನಾ ವಿಚಾರಿಸಿ. ‘ಹೇಗಿದ್ದೀರಿ?’ ಅಂತ ಕೇಳಿದರೆ ‘ಅಡ್ಡಿಲ್ಲೆ’ ಅಂತಲೇ ಉತ್ತರ ಬರೋದು. ‘ಇವತ್ತು ಎಷ್ಟು ಸಲ ಹೋದಿರಿ? ಎಷ್ಟು ಲೋಟ ನೀರು ಕುಡಿದಿರಿ?’ ಅಂತ ಕೇಳಿ. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸಿಸ್ಟರ್ ಫೋನ್ ಮಾಡಿದಾಗ ಅದನ್ನು ಓದಿ ಹೇಳಿದರೆ ಸಾಕು.

ಒಂದು ಹೊತ್ತಿನ ಮಾತ್ರೆ ಮರೆತುಹೋಯಿತೇ? ಮುಂದಿನ ಹೊತ್ತಿಗೆ ಎರಡು ಪಾಲು ಕೊಡಬೇಡಿ. ನುಂಗಿದ್ದು ವಾಂತಿಯಾಯಿತೇ? ಮತ್ತೊಮ್ಮೆ ಕೊಡಬೇಡಿ. ಎರಡನ್ನೂ ಬರೆದಿಟ್ಟು ಸಿಸ್ಟರ್‌ಗೆ ತಿಳಿಸಿ.

ಅಡುಗೆಮನೆಯಿಂದ ಬಚ್ಚಲುಮನೆವರೆಗೆ

ಮಾತ್ರೆಯನ್ನು ಬಿ.ಪಿ. ಮಾತ್ರೆಗಳ ಜತೆ ಡಬ್ಬಿಗೆ ಸುರಿಯುವುದು ನಾನು ಮಾಡಿದ ಮೊದಲ ತಪ್ಪು. ಅದರದೇ ಪಟ್ಟಿಯಲ್ಲಿ, ಬೇರೆ ಡಬ್ಬಿಯಲ್ಲಿ, ಮಕ್ಕಳ ಕೈಗೆಟುಕದಂತೆ ಇಡಿ. ಒಲೆಯ ಹತ್ತಿರದ ಬಿಸಿ, ಬಚ್ಚಲಿನ ಹಬೆ ಎರಡೂ ಆಗದು. ಮಲಗುವ ಕೋಣೆಯ ಒಣ ಕಪಾಟು ಒಳ್ಳೆಯದು.

ಮಾತ್ರೆ ತುಂಡು ಮಾಡುವುದು, ಪುಡಿ ಮಾಡಿ ಗಂಜಿಗೆ ಬೆರೆಸುವುದು ಬೇಡ. ನುಂಗಲಾಗದಿದ್ದರೆ ಸಿಸ್ಟರ್‌ಗೆ ಹೇಳಿ. ನೀವೇ ತೆಗೆದುಕೊಡುವುದಾದರೆ ಪಟ್ಟಿಯಿಂದ ನೇರ ಸಣ್ಣ ಬಟ್ಟಲಿಗೆ ಬೀಳಿಸಿ, ಇಲ್ಲವೇ ಕೈಗವಸು ಹಾಕಿ, ಆಮೇಲೆ ಸೋಪಿನಿಂದ ಕೈ ತೊಳೆಯಿರಿ. ಬಸುರಿಯರು, ಹಾಲೂಡಿಸುವವರು ಮುಟ್ಟುವುದೇ ಬೇಡ. ಔಷಧಿಯ ಅಂಶ ಮೂತ್ರ, ಮಲ, ವಾಂತಿಯಲ್ಲೂ ಹೋಗುತ್ತದೆ. ಕಮೋಡಿನ ಮುಚ್ಚಳ ಮುಚ್ಚಿ ಎರಡು ಸಲ ಫ್ಲಶ್ ಮಾಡಿ. ಕೊಳೆಯಾದ ಬಟ್ಟೆಯನ್ನು ಕೈಗವಸು ಹಾಕಿ ಬೇರೆಯಾಗಿ ಒಗೆಯಿರಿ. ಹಾಗಂತ ರೋಗಿಯನ್ನೇ ಬೇರೆ ಕೂರಿಸಬೇಡಿ! ಕ್ಯಾನ್ಸರ್ ಅಂಟುರೋಗ ಅಲ್ಲ. ಜತೆಗೆ ಉಣ್ಣಬಹುದು, ಮೊಮ್ಮಕ್ಕಳು ತೊಡೆಯೇರಬಹುದು. ಉಳಿದ ಮಾತ್ರೆಗಳನ್ನು ಬಾವಿ-ಹೊಳೆಗೆ, ಕಸಕ್ಕೆ ಎಸೆಯದೆ ಆಸ್ಪತ್ರೆಗೆ ಹಿಂದಿರುಗಿಸಿ.

ಅಂಗೈ ಉರಿಯುವವರಿಗೆ ತಿಕ್ಕಾಟವೂ ಬಿಸಿಯೂ ಶತ್ರು. ಕಾಯಿ ತುರಿಯುವುದು, ಪಾತ್ರೆ ತಿಕ್ಕುವುದು, ಅಡಿಕೆ ಸುಲಿಯುವುದು ಬೇರೆಯವರು ಮಾಡಲಿ. ದೀಪಾವಳಿಯ ಅಭ್ಯಂಜನವಾದರೂ ಹಂಡೆಯ ಸುಡುನೀರು ಬೇಡ, ಉಗುರುಬೆಚ್ಚಗಿದ್ದರೆ ಸಾಕು. ಮೆತ್ತನೆಯ ಚಪ್ಪಲಿ ಕೊಡಿ. ಸಿಸ್ಟರ್ ಹೇಳಿದ ಕ್ರೀಮನ್ನು ಮೊದಲ ದಿನದಿಂದಲೇ ಹಚ್ಚಿ.

ಬಾಯಿಹುಣ್ಣಿಗೆ ಅಪ್ಪೆಹುಳಿ, ಉಪ್ಪಿನಕಾಯಿ ಆಗದು. ಮೆತ್ತಗಿನ, ಆರಿದ ಊಟ ಹಿತ. ಮೀನು ತಿನ್ನುವ ಮನೆಯಾದರೆ ಬಳಚು, ಮೀನು ಚೆನ್ನಾಗಿ ಬೆಂದಿರಲಿ. ಕಷಾಯ, ನಾಟಿ ಔಷಧಿ, ಗ್ಯಾಸ್ ಮಾತ್ರೆ, ‘ಶಕ್ತಿ’ಯ ಮಾತ್ರೆ ಏನಿದ್ದರೂ ಮುಚ್ಚಿಡದೆ ಸಿಸ್ಟರ್‌ಗೆ ಹೇಳಿ. ಶಕ್ತಿಯ ಮಾತ್ರೆಯಲ್ಲಿ ಇರುವ ಫಾಲಿಕ್ ಆಸಿಡ್ ಕ್ಯಾಪೆಸಿಟಬಿನ್‌ನ ಅಡ್ಡ ಪರಿಣಾಮ ಹೆಚ್ಚಿಸಬಲ್ಲದು. ರಕ್ತ ತೆಳುವಾಗಿಸುವ ವಾರ್ಫರಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಜತೆಗೂ ಇದು ಸರಿಹೊಂದದು. ಇಮ್ಯಾಟಿನಿಬ್ ತಗೊಳ್ಳುವವರು ಚಕ್ಕೋತದ ಜಾತಿಯ ಹಣ್ಣು ತಿನ್ನುವ ಮೊದಲು ಕೇಳಲಿ.

ರೋಜಾ, ಏಕಾದಶಿ ಬಂದಾಗ

ಭಟ್ಕಳದ ಮನೆಗಳಲ್ಲಿ ರಂಜಾನ್ ತಿಂಗಳು ಬಂತೆಂದರೆ ಹಿರಿಯರು ರೋಜಾ ಬಿಡಲು ಒಪ್ಪುವುದಿಲ್ಲ. ಹೊನ್ನಾವರ, ಕುಮಟಾದ ಅಜ್ಜಿಯರಿಗೆ ಏಕಾದಶಿ, ಸಂಕಷ್ಟಿ. ಆಸ್ಪತ್ರೆಯಲ್ಲಿ ಹೇಳಿದರೆ ಬೈಯುತ್ತಾರೆ ಅಂತ ಹೇಳದೆ, ಮಾತ್ರೆಯ ಹೊತ್ತನ್ನು ತಾವೇ ಹಿಂದೆ-ಮುಂದೆ ಮಾಡಿಕೊಳ್ಳುವವರೂ ಇದ್ದಾರೆ. ಇದು ಅಪಾಯ. ಹೊಟ್ಟೆ ತುಂಬಿದಾಗ ನುಂಗಬೇಕಾದ ಮಾತ್ರೆ ಖಾಲಿ ಹೊಟ್ಟೆಗೆ ಹೋಗುತ್ತದೆ, ಹಗಲಿಡೀ ನೀರಿಲ್ಲದೆ ದೇಹ ಒಣಗುತ್ತದೆ. ಹಬ್ಬಕ್ಕೆ ಒಂದು ತಿಂಗಳು ಮೊದಲೇ ಸಿಸ್ಟರ್ ಹತ್ತಿರ ಮಾತಾಡಿ. ವೈದ್ಯರು ಏನು ಮಾಡಬಹುದು, ಏನು ಬೇಡ ಅಂತ ಹೇಳುತ್ತಾರೆ. ಕಾಯಿಲೆಯವರಿಗೆ ಎರಡೂ ಸಂಪ್ರದಾಯಗಳಲ್ಲಿ ವಿನಾಯಿತಿ ಇದೆ ಅನ್ನೋದನ್ನು ಮನೆಯ ಹಿರಿಯರಿಂದಲೇ ಹೇಳಿಸಿ, ಆಗ ಮಾತು ನಾಟುತ್ತದೆ.

ಹೆಬ್ಬೆಟ್ಟು ಹೊಂದದಿದ್ದರೆ?

ಇದು ಕೇಳಿದರೆ ಆಶ್ಚರ್ಯ ಆದೀತು. ಕ್ಯಾಪೆಸಿಟಬಿನ್‌ನಿಂದ ಕೆಲವರ ಬೆರಳಿನ ಗೆರೆಗಳೇ ಅಳಿಸಿಹೋಗುತ್ತವೆ! 2008ರ ಡಿಸೆಂಬರಿನಲ್ಲಿ ಈ ಮಾತ್ರೆ ತಗೊಳ್ಳುತ್ತಿದ್ದ ಸಿಂಗಪುರದ ಹಿರಿಯರೊಬ್ಬರನ್ನು ಬೆರಳಚ್ಚು ಸಿಗಲಿಲ್ಲವೆಂದು ಅಮೆರಿಕದ ವಿಮಾನ ನಿಲ್ದಾಣದಲ್ಲಿ 4 ಗಂಟೆ ಕೂರಿಸಿದ್ದರು. ಅವರ ವೈದ್ಯರು ಅದನ್ನು ಮರುವರ್ಷ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ನಮ್ಮಲ್ಲಿ ರೇಷನ್ ಅಂಗಡಿ, ಆಧಾರ್ ಎಲ್ಲಕ್ಕೂ ಹೆಬ್ಬೆಟ್ಟೇ. ರೇಷನ್ನಿಗೆ ಮನೆಯ ಬೇರೆ ಸದಸ್ಯರು ಹೋಗಲಿ. ದುಬೈನಲ್ಲಿರುವ ಮಗನ ಮನೆಗೆ ಹೊರಟವರು ಆಸ್ಪತ್ರೆಯಿಂದ ಒಂದು ಪತ್ರ ಬರೆಸಿಕೊಂಡು ಹೋಗಲಿ.

ಮಳೆಗಾಲಕ್ಕೆ ಮೊದಲು

2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಗಿದ್ದು ನೆನಪಿದೆಯಲ್ಲ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಯಾವ ರಸ್ತೆ ಯಾವತ್ತು ಬಂದ್ ಎಂದು ಹೇಳಲಾಗದು. ಮುಂದಿನ ಸುತ್ತಿನ ಮಾತ್ರೆಯನ್ನು ಕೊನೆ ದಿನಕ್ಕೆ ಬಿಡದೆ ವಾರ ಮೊದಲೇ ತರಿಸಿ. ಸುತ್ತು ಶುರುವಾಗುವ ಮುಂಚಿನ ರಕ್ತಪರೀಕ್ಷೆಯನ್ನು ಊರಿನ ಲ್ಯಾಬಿನಲ್ಲೇ ಮಾಡಿಸಿ ರಿಪೋರ್ಟನ್ನು ವಾಟ್ಸ್‌ಆಪ್‌ನಲ್ಲಿ ಕಳಿಸಬಹುದೇ ಎಂದು ಕೇಳಿ. ರಿಪೋರ್ಟ್ ನೋಡಿ ‘ಶುರು ಮಾಡಿ’ ಅನ್ನುವವರೆಗೆ ಮಾತ್ರೆ ಮುಟ್ಟಬೇಡಿ.

ಊರಿನ ಸಿಸ್ಟರನ್ನೂ ಪರಿಚಯ ಮಾಡಿಕೊಳ್ಳಿ. ತಾಲ್ಲೂಕು ಆಸ್ಪತ್ರೆಯ ಸ್ಟಾಫ್ ನರ್ಸ್, ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ, ಆಶಾ ಕಾರ್ಯಕರ್ತೆ ಇವರಿಗೆ ಮನೆಯಲ್ಲಿ ಕಿಮೊ ಮಾತ್ರೆ ತಗೊಳ್ಳುವವರು ಇದ್ದಾರೆ ಅಂತ ಮೊದಲೇ ಗೊತ್ತಿರಲಿ. ಅಪರಾತ್ರಿ ಸಲೈನ್ ಬೇಕಾದಾಗ ಆ ಪರಿಚಯವೇ ಕೈಹಿಡಿಯುತ್ತದೆ. ಹೋಗುವಾಗ ಫೈಲ್, ಮಾತ್ರೆಯ ಪಟ್ಟಿ ಎರಡನ್ನೂ ಒಯ್ಯಿರಿ. ‘ಇವರು ಕಿಮೊ ಮಾತ್ರೆ ತಗೊಳ್ತಿದ್ದಾರೆ’ ಅನ್ನೋದು ನಿಮ್ಮ ಮೊದಲ ಮಾತಾಗಿರಲಿ.

ಮಾತ್ರೆ ಹಿಡಿದು ಮನೆಗೆ ಹೊರಡುವ ಮುನ್ನ ಸಿಸ್ಟರ್‌ಗೆ ಕೇಳಿ

* ಮಾತ್ರೆಯ ಹೆಸರೇನು? ಎಷ್ಟು ದಿನ, ಎಷ್ಟು ದಿನ ಬಿಡುವು?

* ಊಟಕ್ಕೆ ಮೊದಲೋ, ನಂತರವೋ?

* ಮರೆತರೆ, ವಾಂತಿಯಾದರೆ ಏನು ಮಾಡಲಿ?

* ಏನಾದರೆ ನಿಲ್ಲಿಸಬೇಕು? ಏನಾದರೆ ಕೂಡಲೇ ಬರಬೇಕು?

* ಈಗಿನ ಬೇರೆ ಔಷಧಿಗಳ ಜತೆ ಆಗುತ್ತದೆಯೇ?

* ಹಗಲಿಗೆ ಯಾವ ನಂಬರ್? ರಾತ್ರಿಗೆ, ಭಾನುವಾರಕ್ಕೆ ಯಾವುದು?

* ಮುಂದಿನ ರಕ್ತಪರೀಕ್ಷೆ ಎಂದು?

* ಆಯುಷ್ಮಾನ್ ಕಾರ್ಡಿನಲ್ಲಿ ಬರುತ್ತದೆಯೇ? ಜನೌಷಧಿ ಕೇಂದ್ರದಲ್ಲಿ ಸಿಗುವುದನ್ನು ತಗೊಳ್ಳಬಹುದೇ?

ಆ ನಂಬರನ್ನು ನಾನು ದೊಡ್ಡ ಅಕ್ಷರದಲ್ಲಿ ಬರೆದು ಕಪಾಟಿನ ಬಾಗಿಲ ಒಳಗೆ ಅಂಟಿಸಿದೆ. ಸಿಸ್ಟರ್ ಸೋಮವಾರ ಸೋಮವಾರ ಫೋನ್ ಮಾಡುತ್ತಿದ್ದರು. ಮೊದಮೊದಲು ನನ್ನ ಹತ್ತಿರ, ಆಮೇಲೆ ಅತ್ತೆಯ ಹತ್ತಿರವೇ ಮಾತು. ಡಾಕ್ಟರರು ಪ್ರಮಾಣ ಸ್ವಲ್ಪ ಇಳಿಸಿದರು. ಐದನೇ ಸುತ್ತಿನಲ್ಲಿ ಒಂದು ಮಧ್ಯಾಹ್ನ ನಾನು ಬಟ್ಟೆ ಮಡಚುತ್ತಿದ್ದೆ. ಅತ್ತೆ ನೋಟ್‌ಬುಕ್ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕುಳಿತರು. ‘ತಂಗಿ, ಇವತ್ತು ನಾಲ್ಕು ಸಲ ಹೆಚ್ಚು ಆತು. ರಾತ್ರಿದು ನುಂಗ್ತಿಲ್ಲೆ. ಸಿಸ್ಟರಿಗೆ ಫೋನ್ ಮಾಡು’ ಅಂದರು.

ಎಂಟು ಸುತ್ತೂ ಮುಗಿದವು. ಆ ಮಧ್ಯಾಹ್ನದಂತೆ ಎರಡು ಸಲ ಮಾತ್ರೆ ನಿಲ್ಲಿಸಿ, ಕೇಳಿ, ಮತ್ತೆ ಶುರು ಮಾಡಿದೆವು. ಸಲೈನ್ ಹಾಕಿಸುವ ಪ್ರಮೇಯ ಮತ್ತೆ ಬರಲಿಲ್ಲ.